ಇಂದು ಉದ್ರಿ, ನಾಳೆ ಬಡ್ಡಿ: ದೊಡ್ಡ ಅಂಗಡಿಯ ಕಾರ್ಡಿನ ಕಥೆ

ದಾವಣಗೆರೆ: "ಇಂದು ನಗದು, ನಾಳೆ ಉದ್ರಿ" ಎಂಬ ಬೋರ್ಡು ಚೌಕಿಪೇಟೆ, ಮಂಡಿಪೇಟೆಗಳ ಗಲ್ಲಾಪೆಟ್ಟಿಗೆಯ ಹಿಂದೆ ಎಷ್ಟು ವರ್ಷದಿಂದ ನೇತಾಡುತ್ತಿದೆಯೋ ಲೆಕ್ಕ ಇಟ್ಟವರಿಲ್ಲ. ಆ ನಾಳೆ ಎಂದೂ ಬರುವುದಿಲ್ಲ ಎಂಬುದು ಗಿರಾಕಿಗೂ ಗೊತ್ತು, ಸಾಹುಕಾರನಿಗೂ ಗೊತ್ತು. ಹಾಗಿದ್ದೂ ಗುರುತಿನ ಮನೆಗಳಿಗೆ ಉದ್ರಿ ನಡೆಯುತ್ತಿತ್ತು. ಕೆಂಪು ರಟ್ಟಿನ ಉದ್ದನೆಯ ಪುಸ್ತಕದಲ್ಲಿ ಹೆಸರು, ಸಾಮಾನು, ಮೊಬಲಗು. ದೀಪಾವಳಿಗೆ ಲೆಕ್ಕ ಚುಕ್ತಾ. ತಡವಾದರೆ ಸಾಹುಕಾರ ಮುಖ ಸಿಂಡರಿಸುತ್ತಿದ್ದ, ಇಲ್ಲವೇ ಅಂಗಡಿ ಹುಡುಗನನ್ನು ಮನೆಗೆ ಕಳಿಸುತ್ತಿದ್ದ. ಹೆಚ್ಚೆಂದರೆ ಅಷ್ಟೆ.

ಈಗ ಊರಿನ ದೊಡ್ಡ ಅಂಗಡಿಯಲ್ಲಿ ಬೋರ್ಡು ತಿರುಗಿದೆ. ಹವಾನಿಯಂತ್ರಣ, ಏರುವ ಮೆಟ್ಟಿಲು, ಒಂದೇ ಸೂರಿನಡಿ ಸೀರೆಯಿಂದ ಸಾಬೂನಿನವರೆಗೆ ಎಲ್ಲವೂ ಸಿಗುವ ಈ ಮಳಿಗೆಯಲ್ಲಿ ಉದ್ರಿ ಕೇಳುವವರು ಗಿರಾಕಿಗಳಲ್ಲ. ಉದ್ರಿ ತಗೊಳ್ಳಿ ಎಂದು ಅಂಗಾಲಾಚುವವರು ಅಂಗಡಿಯವರೇ! ಬಾಗಿಲು ದಾಟಿದ ಕೂಡಲೇ ಒಂದು ಮೇಜು, ಎರಡು ಬಲೂನು, ಕೊರಳಿಗೆ ಗುರುತಿನ ಪಟ್ಟಿ ಹಾಕಿಕೊಂಡ ಮೂವರು ಹುಡುಗರು. ಪಕ್ಕದಲ್ಲಿ ಕಣ್ಣು ಕುಕ್ಕುವ ಬಣ್ಣದ ಗಾಲಿ ಸೂಟ್‌ಕೇಸು. "ಬರ್ರಿ ಸಾರ್, ಬರ್ರಿ ಅಕ್ಕಾರೆ, ಕಾರ್ಡ್ ಮಾಡಿಸ್ರಿ, ಬ್ಯಾಗ್ ಫ್ರೀ. ಒಂದು ರೂಪಾಯಿ ಖರ್ಚಿಲ್ಲ, ಲೈಫ್ ಟೈಮ್ ಫ್ರೀ ಐತ್ರಿ."

ಭಾನುವಾರ ಸಂಜೆ ಈ ಮೇಜಿನ ಮುಂದೆ ಸಂತೆಯ ಗಿಜಿಗಿಜಿ. ಸೋಮವಾರದಿಂದ ಶುರುವಾಗುವುದು ಕಿರಿಕಿರಿ.

ಶಿಷ್ಯನ ಮಾತಿಗೆ ಬಿದ್ದ ಸಹಿ

ಪಿ.ಜೆ. ಬಡಾವಣೆಯಲ್ಲಿ ವಾಸವಾಗಿರುವ ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರ ಪ್ರಕರಣ ನೋಡಿ. ಜೀವಮಾನದಲ್ಲಿ ಯಾರ ಹತ್ತಿರವೂ ಹತ್ತು ರೂಪಾಯಿ ಕೈಗಡ ಕೇಳಿದವರಲ್ಲ. 2023ರ ದೀಪಾವಳಿಗೆ ಹೆಂಡತಿಯೊಂದಿಗೆ ಬಟ್ಟೆ ಖರೀದಿಗೆ ಹೋದಾಗ ಮೇಜಿನ ಹಿಂದಿನಿಂದ ಒಬ್ಬ ಹುಡುಗ ಎದ್ದು ಬಂದು ಕಾಲಿಗೆ ನಮಸ್ಕಾರ ಮಾಡಿದ. "ಸಾರ್, ಗುರುತು ಸಿಕ್ತಾ? ಹತ್ತನೇ ಕ್ಲಾಸಿಗೆ ನೀವೇ ಗಣಿತ ಹೇಳಿದ್ರಿ." ಮೇಷ್ಟ್ರ ಮುಖ ಅರಳಿತು. ಕೆಲಸ ಹೇಗಿದೆಯಪ್ಪಾ ಎಂದು ವಿಚಾರಿಸಿದರು. "ಟಾರ್ಗೆಟ್ ಐತ್ರಿ ಸಾರ್. ಇವತ್ತಿಗೆ ಇನ್ನೊಂದು ಅರ್ಜಿ ಬಿದ್ರೆ ಮುಗೀತೈತಿ. ನೀವೊಂದು ಸಹಿ ಹಾಕ್ರಿ ಸಾಕು, ಬೇಡ ಅಂದ್ರೆ ಬೀರುನಾಗ ಇಟ್ಟುಬಿಡ್ರಿ."

ಶಿಷ್ಯ ಕೇಳಿದಾಗ ಇಲ್ಲ ಎನ್ನುವ ಮೇಷ್ಟ್ರುಗಳು ಕಡಿಮೆ. ಕಾಗದವಿದ್ದರೆ ಕನ್ನಡಕ ಹಾಕಿಕೊಂಡು ಓದುತ್ತಿದ್ದರೇನೋ, ಕಾಗದವೇ ಇರಲಿಲ್ಲ. ಕೈಯಗಲದ ಗಾಜಿನ ಪರದೆ. ಹುಡುಗ ಬೆರಳಿನಿಂದ ಸರಸರ ಮೇಲಕ್ಕೆ ತಳ್ಳಿದ, ಕೆಳಗಡೆ ಸಹಿ ಜಾಗ ಬಂತು. ಮೇಷ್ಟ್ರು ಬೆರಳಿನಲ್ಲಿ ಗೀಚಿದರು. ಫೋನಿಗೆ ಬಂದ ಆರಂಕಿಯ ಸಂಖ್ಯೆಯನ್ನು ಹುಡುಗನೇ ನೋಡಿಕೊಂಡು ಒತ್ತಿದ. ಪ್ಯಾನ್ ಕಾರ್ಡು, ಆಧಾರ್, ಪಿಂಚಣಿ ಚೀಟಿ ಎಲ್ಲದರ ಫೋಟೋ ಆಯಿತು.

ಮೂರು ವಾರಕ್ಕೆ ಕೊರಿಯರ್‌ನಲ್ಲಿ ಕಾರ್ಡು ಬಂತು. ಬ್ಯಾಗು ಕೇಳಲು ಹೋದರೆ, "ಕಾರ್ಡಿನಾಗ ಒಂದು ಖರೀದಿ ಮಾಡಬೇಕ್ರಿ" ಎಂದರು. ₹249ರ ಟವೆಲ್ಲು ಕೊಂಡರು. ಮತ್ತೆ ಹೋದರೆ ಬ್ಯಾಗಿನ ಸ್ಟಾಕು ಮುಗಿದಿದೆ, ಬದಲಿಗೆ ₹500ರ ಕೂಪನ್ನು. ಕೂಪನ್ನಿನ ಹಿಂದೆ ಇರುವೆ ಗಾತ್ರದ ಅಕ್ಷರ: ₹3,000ಕ್ಕೆ ಮೇಲ್ಪಟ್ಟ ಖರೀದಿಗೆ ಮಾತ್ರ, ರಿಯಾಯಿತಿ ಮಾರಾಟದ ಸರಕಿಗೆ ಅನ್ವಯಿಸದು, ಮೂವತ್ತು ದಿನದ ವಾಯಿದೆ. ಆ ಮೂವತ್ತು ದಿನವೂ ಅಂಗಡಿಯಲ್ಲಿ ರಿಯಾಯಿತಿ ಮಾರಾಟವೇ ನಡೆದಿತ್ತು! ಮೇಷ್ಟ್ರು ಟವೆಲ್ಲಿನ ದುಡ್ಡು ಕಟ್ಟಿ, ಕಾರ್ಡನ್ನು ಎಲ್‌ಐಸಿ ಬಾಂಡುಗಳ ಜೊತೆ ಬೀರುವಿನಲ್ಲಿಟ್ಟು ಮರೆತರು.

ಬ್ಯಾಂಕು ಮರೆಯಲಿಲ್ಲ. "ಲೈಫ್ ಟೈಮ್ ಫ್ರೀ" ಎಂಬುದು ಹುಡುಗನ ಬಾಯಲ್ಲಿತ್ತು. ಕರಾರಿನಲ್ಲಿದ್ದದ್ದು ಮೊದಲ ವರ್ಷ ಮಾತ್ರ ಪುಕ್ಕಟೆ, ಎರಡನೆಯ ವರ್ಷದಿಂದ ₹499 ವಾರ್ಷಿಕ ಶುಲ್ಕ. ವರ್ಷಕ್ಕೆ ಇಂತಿಷ್ಟು ಸಾವಿರ ಖರೀದಿಸಿದವರಿಗಷ್ಟೇ ಮಾಫಿ. ₹499ಕ್ಕೆ ಶೇ. 18 ಜಿಎಸ್‌ಟಿ ಸೇರಿ ₹588.82ರ ಬಿಲ್ಲು ಹುಟ್ಟಿತು. ಬಿಲ್ಲು ಹೋದದ್ದು ಇ-ಮೇಲಿಗೆ. ಆ ಇ-ಮೇಲ್ ವಿಳಾಸವನ್ನು ತುಂಬಿದ್ದವನು ಶಿಷ್ಯ, ಮೇಷ್ಟ್ರು ಅದನ್ನು ತೆರೆದು ನೋಡಿದವರೇ ಅಲ್ಲ. ಫೋನಿಗೆ ಬಂದ ಇಂಗ್ಲಿಷ್ ಸಂದೇಶಗಳನ್ನು ಮನೆಗೆ ಬಂದ ಮೊಮ್ಮಗ ಜಾಹೀರಾತು ಎಂದುಕೊಂಡು ಅಳಿಸುತ್ತಾ ಹೋದ.

ಕಟ್ಟದೆ ಹೋದದ್ದಕ್ಕೆ ಮೊದಲ ತಿಂಗಳು ₹500 ದಂಡ. ದಂಡದ ಮೇಲೂ ಶೇ. 18 ತೆರಿಗೆ, ಅಂದರೆ ₹590. ಬಾಕಿ ಸಾವಿರ ದಾಟಿದ್ದರಿಂದ ಮುಂದಿನ ತಿಂಗಳಿಂದ ದಂಡ ₹600, ತೆರಿಗೆ ಸೇರಿ ₹708. ಹೀಗೆ ಐದು ತಿಂಗಳು. ಗಣಿತ ಮೇಷ್ಟ್ರೇ ಆಮೇಲೆ ಕೂತು ಕೂಡಿ ನೋಡಿದರು: ₹4,718.82. ಈ ಮೊತ್ತದಲ್ಲಿ ಅವರು ಕೊಂಡ ಸಾಮಾನು ಒಂದು ದಾರದೆಳೆಯಷ್ಟೂ ಇಲ್ಲ.

ಇಷ್ಟೇ ಆಗಿದ್ದರೆ ಪಿಂಚಣಿಯಲ್ಲಿ ಕಟ್ಟಿ ಕೈ ತೊಳೆದುಕೊಳ್ಳುತ್ತಿದ್ದರು. 2025ರಲ್ಲಿ ಕಿರಿಮಗಳಿಗೆ ಎಂ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿತು. ನಾಲ್ಕು ಲಕ್ಷದ ವಿದ್ಯಾಭ್ಯಾಸ ಸಾಲಕ್ಕೆ ಅರ್ಜಿ. ಇಂತಹ ಸಾಲಕ್ಕೆ ತಂದೆ ಅಥವಾ ತಾಯಿ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು. ಮೂವತ್ತು ವರ್ಷದ ಖಾತೆ ಇರುವ ಬ್ಯಾಂಕಿನ ಮ್ಯಾನೇಜರು ಕಂಪ್ಯೂಟರ್ ಪರದೆಯನ್ನು ಮೇಷ್ಟ್ರ ಕಡೆ ತಿರುಗಿಸಿದರು. "ಏನ್ ಸಾರ್ ಇದು, ನಿಮ್ಮ ಮೇಲೆ ಕಾರ್ಡಿನ ಬಾಕಿ ತೋರಿಸ್ತಾ ಇದೆಯಲ್ಲ? ನೂರು ದಿನದ ಮೇಲಾಗಿದೆ."

ತರಗತಿಯಲ್ಲಿ ನಲವತ್ತು ಹುಡುಗರ ಮುಂದೆ ತಲೆ ತಗ್ಗಿಸದ ಮನುಷ್ಯ ಆ ಕ್ಯಾಬಿನ್ನಿನಲ್ಲಿ ಬೆವರಿದರು. ಶುಲ್ಕ ಕಟ್ಟುವ ಕೊನೆಯ ದಿನಕ್ಕೆ ಇದ್ದದ್ದು ಒಂಬತ್ತು ದಿನ. ಬಾಕಿಯನ್ನು ಅಂದೇ ಕಟ್ಟಿದರು. ಆದರೆ ಕಟ್ಟಿದ ಕೂಡಲೇ ದಾಖಲೆ ಶುಭ್ರವಾಗುವುದಿಲ್ಲ. ಕಾರ್ಡು ಕೊಟ್ಟ ಬ್ಯಾಂಕು ಮಾಹಿತಿ ಕಳಿಸಬೇಕು, ಸಿಬಿಲ್‌ನಂತಹ ಕಂಪನಿ ಅದನ್ನು ಏರಿಸಬೇಕು, ತಡವಾಗಿ ಕಟ್ಟಿದ ಗುರುತು ಆಮೇಲೂ ಉಳಿಯುತ್ತದೆ. ಹೆಂಡತಿಯ ಬಳೆ, ಸರ ಅಡ ಇಟ್ಟು ಮೊದಲ ಕಂತು ಕಟ್ಟಿದರು. ಸೀಟು ಉಳಿಯಿತು. ಸಾಲ ಮಂಜೂರಾದದ್ದು ಎರಡೂವರೆ ತಿಂಗಳ ಮೇಲೆ. ಅಲ್ಲಿಯವರೆಗೆ ಒಡವೆಯ ಬಡ್ಡಿ ಬೇರೆ.

ಈ ನಡುವೆ ವಸೂಲಿಯವನೊಬ್ಬ ಫೋನು ಮಾಡಿ, "₹2,000 ಕೊಡಿ ಅಂಕಲ್, ಸೆಟಲ್ ಮಾಡಿ ಬಿಡ್ತೀನಿ" ಎಂದು ಆಸೆ ತೋರಿಸಿದ್ದನಂತೆ. ಮೇಷ್ಟ್ರು ಒಪ್ಪದ್ದು ಪುಣ್ಯ. ಅರ್ಧ ಕಟ್ಟಿ ಸೆಟಲ್ ಮಾಡಿಕೊಂಡರೆ ದಾಖಲೆಯಲ್ಲಿ ಬೀಳುವುದು "ಸೆಟಲ್ಡ್" ಎಂಬ ಮುದ್ರೆ, "ಕ್ಲೋಸ್ಡ್" ಎಂದಲ್ಲ. ಮುಂದೆ ಸಾಲ ಕೊಡುವವರು ಅದನ್ನು "ಈತ ಪೂರ್ತಿ ಕೊಡಲಿಲ್ಲ" ಎಂದೇ ಓದುತ್ತಾರೆ.

ಯಾರದೀ ಕಾರ್ಡು?

ಮೇಷ್ಟ್ರು ಮೊದಲು ಹೋದದ್ದು ಅಂಗಡಿಗೆ. ಕಾರ್ಡಿನ ಮೇಲೆ ಎದ್ದು ಕಾಣುವುದು ಅಂಗಡಿಯ ಹೆಸರು ತಾನೆ? ಅಲ್ಲಿನ ಮ್ಯಾನೇಜರು ಅತ್ಯಂತ ವಿನಯದಿಂದ, "ಅದು ಬ್ಯಾಂಕಿನದು ಸಾರ್, ನಮಗೂ ಅದಕ್ಕೂ ಸಂಬಂಧ ಇಲ್ಲ" ಎಂದರು. ಅಂಗಡಿಯೊಳಗೇ ಮೇಜು ಹಾಕಿಸಿದವರ ಮಾತಿದು! ಬ್ಯಾಂಕಿನ ಸ್ಥಳೀಯ ಶಾಖೆಗೆ ಹೋದರೆ, "ಕಾರ್ಡು ವಿಭಾಗ ಬೇರೆ, ಇಲ್ಲಿ ಏನೂ ಕಾಣೋದಿಲ್ಲ" ಎಂಬ ಉತ್ತರ. ಫೋನು ಮಾಡಿದರೆ ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ, ಆಮೇಲೆ ಸಂಗೀತ. ಶಿಷ್ಯನನ್ನು ಹುಡುಕಿದರೆ ಅವನು ಕೆಲಸ ಬಿಟ್ಟು ವರ್ಷವಾಗಿತ್ತು.

ಹಾಗಾದರೆ ನಿಜವಾಗಿ ಕಾರ್ಡು ಯಾರದು? ಇದಕ್ಕೆ ಉತ್ತರ ಸ್ಪಷ್ಟವಾಗಿಯೇ ಇದೆ. ರಿಸರ್ವ್ ಬ್ಯಾಂಕು 2022ರ ಏಪ್ರಿಲ್ 21ರಂದು ಹೊರಡಿಸಿ ಅದೇ ವರ್ಷ ಜುಲೈ 1ರಿಂದ ಜಾರಿಗೆ ತಂದ ನಿರ್ದೇಶನದ ಪ್ರಕಾರ ಇಂತಹ ಜಂಟಿ ಕಾರ್ಡುಗಳಲ್ಲಿ ಅಂಗಡಿಯ ಪಾತ್ರ ಎರಡೇ: ಕಾರ್ಡನ್ನು ಪ್ರಚಾರ ಮಾಡಿ ಹಂಚುವುದು, ಗಿರಾಕಿಗೆ ಸರಕು ಅಥವಾ ಸೇವೆ ಕೊಡುವುದು. ಜಂಟಿ ಏರ್ಪಾಟಿನದು ಎಂದು ಕಾರ್ಡಿನ ಮೇಲೆಯೇ ಸ್ಪಷ್ಟವಾಗಿ ಇರಬೇಕು. ಅಂಗಡಿಯವರು ಅದನ್ನು ತಮ್ಮದೇ ಮಾಲು ಎಂಬಂತೆ ಮಾರುವ ಹಾಗಿಲ್ಲ. ಕಾರ್ಡಿನ ವಹಿವಾಟಿನ ವಿವರ ಅವರ ಕೈಗೆ ಸಿಗುವ ಹಾಗಿಲ್ಲ. ಸಾಲ ಕೊಟ್ಟವನು, ಬಿಲ್ಲು ಕಳಿಸುವವನು, ಹೊಣೆಗಾರ, ಎಲ್ಲ ಬ್ಯಾಂಕೇ.

ಗಿರಾಕಿಗೆ ಇದು ಹೇಗೆ ಗೊತ್ತಾಗಬೇಕು? ನಗು ಅಂಗಡಿಯದು, ನಂಬಿಕೆ ಅಂಗಡಿಯ ಹೆಸರಿನ ಮೇಲೆ. ಸೀರೆ ಬಣ್ಣ ಬಿಟ್ಟರೆ ಬದಲಿಸಿ ಕೊಡುವ ಅಂಗಡಿ ಎಂದು ನಂಬಿ ಹೋದವರು, ಕಾರ್ಡು ಬಣ್ಣ ಬಿಟ್ಟಾಗಲೂ ಅಲ್ಲಿಗೇ ಹೋಗುತ್ತಾರೆ.

ಅರ್ಜಿ ಹಾಕುವಾಗಲೇ ಬಡ್ಡಿ ದರ, ಶುಲ್ಕ, ದಂಡ ಎಲ್ಲವನ್ನೂ ಒಂದೇ ಪುಟದಲ್ಲಿ ಬರೆದು ಕೊಡಬೇಕು ಎಂದೂ ಅದೇ ನಿರ್ದೇಶನ ಹೇಳಿದೆ. ಕರಾರುಗಳು ಸರಳ ಭಾಷೆಯಲ್ಲಿ, ಸಾಧ್ಯವಾದ ಮಟ್ಟಿಗೆ ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ಇರಬೇಕಂತೆ. ಈ "ಸಾಧ್ಯವಾದ ಮಟ್ಟಿಗೆ" ಎಂಬುದರ ಸಂದಿಯಲ್ಲೇ ಕನ್ನಡ ಜಾರಿ ಬಿದ್ದಿದೆ. ಮೇಜಿನ ಮೇಲೆ ಕನ್ನಡದಲ್ಲಿ ಇರುವುದು "ಉಚಿತ" ಎಂಬ ಒಂದೇ ಶಬ್ದ, ಅದೂ ದಪ್ಪ ಅಕ್ಷರದಲ್ಲಿ.

ಮಂಡಿಯ ಲೆಕ್ಕ

ಮೇಷ್ಟ್ರು ಏನನ್ನೂ ಕೊಳ್ಳದೆ ಸಿಕ್ಕಿಬಿದ್ದವರು. ಕೊಂಡವರ ಕಥೆ ಬೇರೆ.

ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಮೆಕ್ಕೆಜೋಳದ ಮಂಡಿಯೊಂದರ ಗುಮಾಸ್ತರು ತಂಗಿಯ ಮದುವೆಗೆ ಇದೇ ಕಾರ್ಡಿನಲ್ಲಿ ₹20,000ದ ಜವಳಿ ತೆಗೆದರು. ಬಿಲ್ಲು ಬಂದಾಗ ಎರಡು ಮೊತ್ತ ಕಂಡವು. ಒಂದು ಪೂರ್ತಿ ಬಾಕಿ ₹20,000. ಇನ್ನೊಂದು "ಕನಿಷ್ಠ ಪಾವತಿ" ₹1,000. ಸಾವಿರ ಕಟ್ಟಿದರೆ ಸಾಕು ಎಂದು ತಿಳಿದರು. ದಂಡ ಬೀಳಲಿಲ್ಲ ನಿಜ. ಬಡ್ಡಿ ಬಿತ್ತು.

ಅವರೇ ಕಿವಿಯ ಸಂದಿನ ಪೆನ್ಸಿಲ್ಲು ತೆಗೆದು ಹಾಕಿದ ಲೆಕ್ಕ ಇದು. ಉಳಿದದ್ದು ₹19,000. ತಿಂಗಳಿಗೆ ಶೇ. 3.5ರಂತೆ ಬಡ್ಡಿ ₹665. ಬಡ್ಡಿಯ ಮೇಲೆ ಜಿಎಸ್‌ಟಿ ₹119.70. ಒಟ್ಟು ₹784.70. ಮುಂದಿನ ತಿಂಗಳು ಮತ್ತೆ ಸಾವಿರ ಕಟ್ಟಿದರೆ ಅಸಲಿಗೆ ಜಮೆಯಾಗುವುದು ₹215.30 ಮಾತ್ರ. ಬರೇ ಕನಿಷ್ಠ ಕಟ್ಟುತ್ತಾ ಹೋದರೆ ತಂಗಿಯ ಮಕ್ಕಳು ಶಾಲೆಗೆ ಸೇರಿದರೂ ಮದುವೆ ಸೀರೆಯ ಸಾಲ ತೀರದು. ಇನ್ನೊಂದು ಸೂಕ್ಷ್ಮವಿದೆ. ಬಾಕಿಯನ್ನು ಪೂರ್ತಿ ಕಟ್ಟದೆ ಉಳಿಸಿಕೊಂಡವರಿಗೆ ಬಡ್ಡಿರಹಿತ ದಿನಗಳ ಸೌಲಭ್ಯ ತಪ್ಪಿಹೋಗುತ್ತದೆ. ಬಡ್ಡಿ ಎಣಿಕೆ ಖರೀದಿಯ ದಿನದಿಂದಲೇ. ಆಮೇಲೆ ಒಂದು ಪೊಟ್ಟಣ ಬಿಸ್ಕತ್ತು ಕೊಂಡರೂ ಅದಕ್ಕೂ ಅಂದಿನಿಂದಲೇ ಮೀಟರು ಓಡುತ್ತದೆ.

"ಪೇಟೆಯಾಗ ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂದ್ರೆ ಜಾಸ್ತಿ ಅಂತೀವಿ. ಮೂರು ಅಂದ್ರೆ ಅವನ ಮನೆ ಹೊಸ್ತಿಲು ತುಳಿಯಲ್ಲ. ಇಲ್ಲಿ ನೋಡಿದ್ರೆ ಮೂರೂವರೆ ಕೊಟ್ಟು, ಮೇಲೆ ಥ್ಯಾಂಕ್ಯೂ ಅಂತ ಮೆಸೇಜ್ ಬೇರೆ ಕಳಿಸ್ತಾರೆ!" ಎಂಬುದು ಗುಮಾಸ್ತರ ಉದ್ಗಾರ.

ವರ್ಷಕ್ಕೆ ಲೆಕ್ಕ ಹಾಕಿದರೆ ಶೇ. 42. ಇಷ್ಟು ಬಡ್ಡಿ ತಗೊಳ್ಳಬಹುದೇ ಎಂಬ ಪ್ರಶ್ನೆ ದೆಹಲಿಯವರೆಗೂ ಹೋಗಿ ಬಂದಿದೆ. ಶೇ. 30ಕ್ಕಿಂತ ಹೆಚ್ಚಿನ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪು ಕೊಟ್ಟಿತ್ತು. ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದವು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ದರ ಗೊತ್ತುಮಾಡುವುದು ಆಯೋಗದ ಕೆಲಸವಲ್ಲ ಎಂದಾಯಿತು. ಆದ್ದರಿಂದ ಬಡ್ಡಿ ಜಾಸ್ತಿ ಎಂಬುದೊಂದನ್ನೇ ಹಿಡಿದುಕೊಂಡು ಹೋದರೆ ಗಿರಾಕಿಗೆ ಈಗ ಹೆಚ್ಚು ಉಪಯೋಗವಿಲ್ಲ. ಬಡ್ಡಿಯ ವಿಷಯ ಮುಚ್ಚಿಟ್ಟರು, ಸುಳ್ಳು ಹೇಳಿದರು ಎಂಬುದಕ್ಕೆ ಮಾತ್ರ ದಾರಿ ಇದೆ.

"ಬಡ್ಡಿ ಇಲ್ಲದ ಕಂತು" ಎಂಬ ಇನ್ನೊಂದು ಆಮಿಷದ ಬಗ್ಗೆ ಎರಡು ಮಾತು. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಬುದ್ಧಿ ಹೇಳಿತ್ತು. ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ರಿಯಾಯಿತಿ ಎಂದು ತೋರಿಸಿ, ಆ ಬಡ್ಡಿಯನ್ನು ಕಂತಿನಲ್ಲಿ ವಸೂಲು ಮಾಡುವುದು ಇದರ ಒಳಗುಟ್ಟು. ಬಡ್ಡಿಯ ಮೇಲಿನ ಜಿಎಸ್‌ಟಿ, ಸಂಸ್ಕರಣಾ ಶುಲ್ಕ ಇವೆಲ್ಲ ಗಿರಾಕಿಯ ತಲೆಗೇ. ನಗದು ಕೊಟ್ಟರೆ ಅದೇ ರಿಯಾಯಿತಿ ಕೊಡ್ತೀರಾ ಎಂದು ಕೇಳಿದರೆ ಮಾರಾಟದ ಹುಡುಗ ಮಾತು ಬದಲಿಸುತ್ತಾನೆ.

ಮೇಜಿನ ಆಚೆಯ ಹುಡುಗರು

ಬೈಗುಳವೆಲ್ಲ ಬೀಳುವುದು ಮೇಜಿನ ಹಿಂದಿನ ಹುಡುಗರಿಗೆ. ಅವರೇನು ಅಂಗಡಿಯ ನೌಕರರೂ ಅಲ್ಲ, ಬ್ಯಾಂಕಿನ ನೌಕರರೂ ಅಲ್ಲ. ಏಜೆನ್ಸಿಯೊಂದರ ಕಡೆಯಿಂದ ಬಂದವರು. ಎಂಟು ತಿಂಗಳು ಈ ಮೇಜಿನಲ್ಲಿ ನಿಂತು ಈಗ ಮೊಬೈಲ್ ಅಂಗಡಿ ಸೇರಿರುವ ಯುವಕನೊಬ್ಬ ಹೇಳುವ ಪ್ರಕಾರ ದಿನಕ್ಕಿಷ್ಟು ಅರ್ಜಿ ಎಂದು ಗುರಿ ಇರುತ್ತದೆ. ಗುರಿ ತಪ್ಪಿದರೆ ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ಬೈಗುಳ. ಬ್ಯಾಗು ಹತ್ತೇ ಬರುತ್ತವೆ, ಅರ್ಜಿ ನೂರು ಆಗಬೇಕು. "ಬ್ಯಾಗ್ ಇಲ್ಲ ಅಂತ ಮೊದಲೇ ಹೇಳಿದ್ರೆ ಯಾರು ಸಹಿ ಹಾಕ್ತಾರ್ರಿ? ಹೇಳಬ್ಯಾಡ ಅಂತ ಮೇಲಿನೋರೇ ಅಂದಿದ್ರು. ಮುಂದೊಂದಿನ ನಮ್ಮಪ್ಪನ್ನೇ ಕರ್ಕೊಂಡು ಬಂದು ಅರ್ಜಿ ಹಾಕಿಸ್ದೆ, ಟಾರ್ಗೆಟ್ಟಿಗೆ."

ಡಿಗ್ರಿ ಮುಗಿಸಿ ಊರಲ್ಲಿ ಬೇರೆ ಕೆಲಸ ಸಿಗದ ಹುಡುಗರು ಇವರು. ಒಂದು ಕಾಲಕ್ಕೆ ಇವರ ಅಪ್ಪಂದಿರಿಗೆ ಹತ್ತಿ ಗಿರಣಿಗಳಿದ್ದವು, ಸೈರನ್ ಕೂಗಿದರೆ ಊರೇ ಎದ್ದು ಕೂರುತ್ತಿತ್ತು. ಗಿರಣಿ ಮುಚ್ಚಿದವು, ಮಕ್ಕಳು ಮೇಜಿನ ಹಿಂದೆ ನಿಂತರು. ಅವರನ್ನು ಬೈದು ಪ್ರಯೋಜನವಿಲ್ಲ.

ಗುರಿ ಮುಟ್ಟುವ ಆತುರದಲ್ಲಿ ಅನರ್ಹರೆಂದು ಗೊತ್ತಿದ್ದವರ ಅರ್ಜಿಯೂ ಹೋಗುತ್ತದೆ. ಹೊನ್ನಾಳಿ ಕಡೆಯ ರೈತರೊಬ್ಬರು ಮಗನ ಬಟ್ಟೆಗೆ ಬಂದವರು ಒಂದೇ ದಿನ ಎರಡು ಮೇಜಿನಲ್ಲಿ ಸಹಿ ಹಾಕಿದರು. ಸಂಬಳದ ಚೀಟಿ ಇಲ್ಲ, ಎರಡೂ ಅರ್ಜಿ ತಿರಸ್ಕಾರ. ಯಾಕೆ ಎಂದು ಹೇಳಿದವರಿಲ್ಲ. ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂಬ ನಿಯಮ ಇದ್ದೇ ಇದೆ, ಕೇಳುವವರಿಗೆ ಗೊತ್ತಿಲ್ಲ ಅಷ್ಟೆ. ಪ್ರತಿ ಅರ್ಜಿಗೂ ಬ್ಯಾಂಕು ಅರ್ಜಿದಾರನ ಸಾಲದ ಚರಿತ್ರೆ ತೆಗೆದು ನೋಡುತ್ತದೆ. ನೋಡಿದ ಗುರುತು ದಾಖಲೆಯಲ್ಲಿ ಕೂರುತ್ತದೆ. 300ರಿಂದ 900ರವರೆಗಿನ ಆ ಅಂಕ ಅಷ್ಟಿಷ್ಟು ಇಳಿಯುತ್ತದೆ. ಮುಂದೆ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಅವರಿಗೆ ಎದುರಾದ ಪ್ರಶ್ನೆ: "ಯಜಮಾನ್ರೇ, ಇಷ್ಟೊಂದು ಕಡೆ ಸಾಲಕ್ಕೆ ಯಾಕೆ ಓಡಾಡಿದ್ರಿ?" ಬ್ಯಾಗಿಗೆ ಸಹಿ ಹಾಕಿದ್ದೆ ಎಂದರೆ ಯಾರು ನಂಬಬೇಕು?

ಕಾರ್ಡು ಸಿಗದಿದ್ದರೂ ಫೋನು ಮಾತ್ರ ನಿಲ್ಲುವುದಿಲ್ಲ. ಪ್ರಚಾರದ ಕರೆ ಬೆಳಿಗ್ಗೆ 10ರಿಂದ ಸಂಜೆ 7ರೊಳಗೆ ಮಾತ್ರ ಎಂದು ನಿರ್ದೇಶನವಿದೆ. ಬರುವುದು ಊಟದ ಹೊತ್ತಿಗೆ, ದೇವರ ದೀಪ ಹಚ್ಚುವ ಹೊತ್ತಿಗೆ.

ಊರಿಗೆ ಹೊಸದು, ಲೋಕಕ್ಕೆ ಹಳೆಯದು

ಇದು ದಾವಣಗೆರೆಯ ಅಂಗಡಿಯೊಂದು ಕಂಡುಹಿಡಿದ ಉಪಾಯವೇನಲ್ಲ. ಅಮೆರಿಕದಲ್ಲಿ 1958ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಪಟ್ಟಣದ ಸುಮಾರು 60,000 ಮಂದಿಗೆ ಬ್ಯಾಂಕ್ ಆಫ್ ಅಮೆರಿಕ, ಕೇಳದೆಯೇ ಅಂಚೆಯಲ್ಲಿ ಕಾರ್ಡು ಕಳಿಸಿತ್ತು. ಹೀಗೆ ಕೇಳದವರಿಗೆ ಹಂಚುವ ಪದ್ಧತಿಯನ್ನು ಅಲ್ಲಿನ ಸಂಸತ್ತು 1970ರಲ್ಲಿ ನಿಷೇಧಿಸಿತು. ಅಲ್ಲಿನ ದೊಡ್ಡ ಅಂಗಡಿಗಳಲ್ಲಿ ಬಿಲ್ಲು ಮಾಡುವ ಹುಡುಗಿ "ಕಾರ್ಡು ತೆಗೆದರೆ ಇವತ್ತಿನ ಬಿಲ್ಲಿನಲ್ಲಿ ರಿಯಾಯಿತಿ" ಎಂದು ಪ್ರತಿಯೊಬ್ಬರನ್ನೂ ಕೇಳುವುದು ಇಂದಿಗೂ ವಾಡಿಕೆ. ಅಂತಹ ಅಂಗಡಿ ಕಾರ್ಡುಗಳ ಬಡ್ಡಿ ವರ್ಷಕ್ಕೆ ಶೇ. 30 ದಾಟಿದೆ ಎಂದು ಅಲ್ಲಿನ ಸರ್ಕಾರಿ ಗ್ರಾಹಕ ಸಂಸ್ಥೆಯೇ 2024ರಲ್ಲಿ ಎಚ್ಚರಿಸಿತ್ತು. ಅಲ್ಲಿ ಹಳಸಿದ ಪದಾರ್ಥ ಇಲ್ಲಿ ಬಿಸಿಬಿಸಿ ಎಂದು ಬಡಿಸಲಾಗುತ್ತಿದೆ.

ದಾರಿ ಇಲ್ಲವೇ?

ದಾರಿ ಇದೆ. ಸ್ವಲ್ಪ ಬರೆಯುವ ಶ್ರಮ ಬೇಕು.

ಕೇಳದೆ ಕಾರ್ಡು ಕೊಟ್ಟು, ಒಪ್ಪಿಗೆ ಇಲ್ಲದೆ ಚಾಲೂ ಮಾಡಿ ಬಿಲ್ಲು ಹಾಕಿದರೆ ಬ್ಯಾಂಕು ಆ ಮೊತ್ತವನ್ನು ವಾಪಸು ಮಾಡಬೇಕು, ಜೊತೆಗೆ ಅದರ ಎರಡರಷ್ಟನ್ನು ಗಿರಾಕಿಗೆ ದಂಡವಾಗಿ ಕಟ್ಟಬೇಕು. ಕಾರ್ಡು ಬಂದು 30 ದಿನದೊಳಗೆ ಚಾಲೂ ಮಾಡದಿದ್ದರೆ, ಬ್ಯಾಂಕು ಫೋನಿಗೆ ಸಂಖ್ಯೆ ಕಳಿಸಿ ಒಪ್ಪಿಗೆ ಕೇಳಬೇಕು. ಒಪ್ಪಿಗೆ ಸಿಗದಿದ್ದರೆ ಖರ್ಚಿಲ್ಲದೆ ಖಾತೆ ಮುಚ್ಚಬೇಕು. ಹಾಗಾಗಿ ಬೇಡದ ಕಾರ್ಡಿಗೆ ಬಂದ ಸಂಖ್ಯೆಯನ್ನು ಯಾರಿಗೂ ಹೇಳದಿರುವುದೇ ಮೊದಲ ಮದ್ದು. ಮೇಷ್ಟ್ರು ಎಡವಿದ್ದು ₹249ರ ಟವೆಲ್ಲಿನಲ್ಲಿ.

ಕತ್ತರಿಯಲ್ಲಿ ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದರೆ ಕಾರ್ಡು ಮುಚ್ಚಿದಂತಲ್ಲ. ಈ ತಪ್ಪು ತಿಳಿವಳಿಕೆಯಿಂದ ಕೆಟ್ಟವರು ಊರಲ್ಲಿ ಬಹಳ ಮಂದಿ ಇದ್ದಾರೆ. ಪ್ಲಾಸ್ಟಿಕ್ ಹೋಯಿತು, ಖಾತೆ ಉಳಿಯಿತು, ವಾರ್ಷಿಕ ಶುಲ್ಕ ತಾನಾಗಿ ಹುಟ್ಟುತ್ತಲೇ ಇರುತ್ತದೆ. ಮುಚ್ಚಿ ಎಂದು ಬ್ಯಾಂಕಿಗೆ ಬರಹದಲ್ಲಿ ತಿಳಿಸಬೇಕು.

ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ವಿಚಾರಣೆಗೆ 14448. ಅಂಗಡಿಯ ಜಾಹೀರಾತೇ ಸುಳ್ಳಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ದೂರುದಾರ ತಾನಿರುವ ಊರಿನಲ್ಲೇ ಮೊಕದ್ದಮೆ ಹೂಡಬಹುದು, ಬ್ಯಾಂಕಿನ ಕೇಂದ್ರ ಕಚೇರಿ ಮುಂಬಯಿಯಲ್ಲಿದೆ ಎಂದು ಅಲ್ಲಿಗೆ ಓಡಬೇಕಿಲ್ಲ. ಎರಡು ವರ್ಷದ ಅವಧಿ ಮೀರಬಾರದು. ಸಾಲದ ಚರಿತ್ರೆಯ ಪೂರ್ತಿ ವರದಿಯನ್ನು ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ಕೇಳಿ ಪಡೆಯುವ ಹಕ್ಕು 2017ರಿಂದ ಇದೆ. ಇದೊಂದು ನಿಜವಾದ ಪುಕ್ಕಟೆ. ಅದರಲ್ಲಿನ ತಪ್ಪನ್ನು ದೂರು ಕೊಟ್ಟ 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಗೆ ಬಂದಿತು.

ಈ ನಿಯಮಗಳು ಕಾಗದದ ಮೇಲೆ ಮಾತ್ರ ಎಂದು ಮೂಗು ಮುರಿಯುವವರು ವಿದ್ಯಾನಗರದ ಗೃಹಿಣಿಯೊಬ್ಬರನ್ನು ವಿಚಾರಿಸಬಹುದು. ತಮಗೆ ಗೊತ್ತಿಲ್ಲದೆ ಕಾರ್ಡಿಗೆ ತಿಂಗಳಿಗೆ ₹199ರ ವಿಮೆ ಅಂಟಿಸಿದ್ದನ್ನು ಅವರು ಪತ್ತೆ ಮಾಡಿದರು. ವಿಮೆಗೆ ಸ್ಪಷ್ಟ ಒಪ್ಪಿಗೆ ಬೇಕು, ಎಲ್ಲಿದೆ ತೋರಿಸಿ ಎಂದು ಇ-ಮೇಲ್ ಹಾಕಿದರು. ಮೂರು ಸಲ ಫೋನು ಮಾಡಿದಾಗಲೂ "ಮೇಡಂ, ಮುಚ್ಚಬೇಡಿ, ಇನ್ನೊಂದು ಆಫರ್ ಇದೆ" ಎಂದವರಿಗೆ ನಾಲ್ಕನೆಯ ಸಲ ಅವರು ಫೋನು ಮಾಡಲಿಲ್ಲ. ಬಾಕಿ ಪೈಸೆ ಸಮೇತ ಕಟ್ಟಿ ಎರಡು ಸಾಲು ಬರೆದರು: ಬಾಕಿ ಇಲ್ಲದ ಕಾರ್ಡನ್ನು ಮುಚ್ಚಲು ಕೇಳಿದ ಮೇಲೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ಮೀರಿದರೆ ದಿನಕ್ಕೆ ₹500ರಂತೆ ನನಗೆ ಕೊಡಬೇಕು, ಎಣಿಕೆ ಇಂದಿನಿಂದ. ಐದನೆಯ ದಿನ ಕಾರ್ಡು ಮುಚ್ಚಿದ ಪತ್ರ ಬಂತು. ವಿಮೆಯ ಮೂರು ಕಂತು ₹597 ವಾಪಸು ಬಂದದ್ದು ಅದರ ಮರುವಾರ. ಅವರ ಅತ್ತೆ ಆ ದುಡ್ಡಿನಲ್ಲಿ ಮಂಡಿಪೇಟೆಯಿಂದ ಶೇಂಗಾ ಎಣ್ಣೆ ತರಿಸಿದರು, ನಗದಿಗೆ.